ತಿಂಗಳುಗಟ್ಟಲೆ ನಿಂತ ಕಾರಿನ ಬ್ರೇಕ್: ರಸ್ತೆಗಿಳಿಸುವ ಮೊದಲು ಯಾವುದಾದ ಮೇಲೆ ಯಾವುದನ್ನು ನೋಡಬೇಕು

ಮಳೆಗಾಲ ಮುಗಿದು ದಸರಾ ರಜೆ ಬಂತೆಂದರೆ ನನಗೆ ಒಂದೇ ತರಹದ ಫೋನ್‌ಗಳು. "ಮಾವ, ಕಾರು ಸ್ಟಾರ್ಟ್ ಆಯ್ತು, ಗೇರ್ ಹಾಕಿದ್ರೂ ಕದಲ್ತಾ ಇಲ್ಲ." "ಕದಲ್ತು, ಆದ್ರೆ ಹಿಂದೆ ಕರ ಕರ ಅಂತಿದೆ." "ಪೆಡಲ್ ಪೂರ್ತಿ ಒಳಗೆ ಹೋಗ್ತಿದೆ, ಗ್ಯಾರೇಜ್‌ವರೆಗೆ ನಿಧಾನಕ್ಕೆ ಓಡಿಸ್ಕೊಂಡು ಹೋಗ್ಲಾ?" ಈ ಮೂರನೆಯದನ್ನು ಕೇಳಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ಬೇಡ, ಓಡಿಸಬೇಡಿ.

ಎಡವುವುದು ಎಲ್ಲರೂ ಒಂದೇ ಕಡೆ. ಮೊದಲು ಬ್ಯಾಟರಿ ಸರಿ ಮಾಡುತ್ತಾರೆ, ಟೈರಿಗೆ ಗಾಳಿ ಹೊಡೆಸುತ್ತಾರೆ, ಸ್ಟಾರ್ಟ್ ಮಾಡಿ ಗೇಟು ದಾಟುತ್ತಾರೆ. ಬ್ರೇಕ್ ನೆನಪಾಗುವುದು ಅದನ್ನು ಒತ್ತಬೇಕಾಗಿ ಬಂದಾಗ. ನಿಂತಿದ್ದ ಕಾರಿಗೆ ಇದನ್ನು ಪೂರ್ತಿ ತಿರುಗಿಸಿ ಮಾಡಬೇಕು. ಮೊದಲು ಪೆಡಲ್, ಆಮೇಲೆ ಚಕ್ರ, ಕೊನೆಗೆ ರಸ್ತೆ. ಈ ಕ್ರಮ ಇಟ್ಟುಕೊಂಡರೆ ತೊಂದರೆ ಯಾವ ಭಾಗದಲ್ಲಿದೆ ಅನ್ನುವುದು ಸಾಮಾನು ಕೊಳ್ಳುವ ಮೊದಲೇ ಗೊತ್ತಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಮಾಮೂಲಿ ಕಾರಿಗೆ. ವ್ಯಾಗನ್‌ಆರ್, ಟಿಯಾಗೊ, ಐ10 ಇಂಥವು. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ, ಕ್ಯಾಲಿಪರ್ ಒಳಗಿನ ಪಿಸ್ಟನ್ ಆಯಿಲ್ ಒತ್ತಡಕ್ಕೆ ಎರಡು ಪ್ಯಾಡ್‌ಗಳಿಂದ ಅದನ್ನು ಅದುಮುತ್ತದೆ. ಡ್ರಮ್ ಅಂದರೆ ಚಕ್ರದ ಜೊತೆ ತಿರುಗುವ ಬಟ್ಟಲು, ಅದರ ಒಳಮೈಗೆ ಶೂ ಅನ್ನುವ ಎರಡು ಕಮಾನುಗಳು ಒತ್ತಿಕೊಳ್ಳುತ್ತವೆ. ಹಿಂದೆಯೂ ಡಿಸ್ಕ್ ಇದ್ದು ಬಟನ್ ಒತ್ತುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ, ಹಿಂದಿನ ಚಕ್ರದ ಕೆಲಸವನ್ನು ಗ್ಯಾರೇಜಿಗೆ ಬಿಡಿ. ಅದರ ಪಿಸ್ಟನ್ ಬಲವಂತವಾಗಿ ಒಳಗೆ ತಳ್ಳಿದರೆ ಮೋಟಾರ್ ಹಾಳಾಗುತ್ತದೆ.

## ಮೊದಲು ಕೈಗೆ ಏನೇನು ಬೇಕು

ಜಾಕ್, ಎರಡು ಜಾಕ್ ಸ್ಟ್ಯಾಂಡ್, ವೀಲ್ ಸ್ಪ್ಯಾನರ್. ಚಕ್ರಕ್ಕೆ ಅಡ್ಡ ಕೊಡಲು ನಾಲ್ಕು ಒಳ್ಳೆ ಕಲ್ಲು ಅಥವಾ ಮರದ ತುಂಡು. 8 ಮತ್ತು 10ರ ರಿಂಗ್ ಸ್ಪ್ಯಾನರ್. ಅಕ್ವೇರಿಯಂಗೆ ಹಾಕುವಂಥ ಪಾರದರ್ಶಕ ಪೈಪ್ ಎರಡು ಅಡಿ, ಒಂದು ಖಾಲಿ ನೀರಿನ ಬಾಟಲಿ. ಟಾರ್ಚ್, ತಂತಿ ಬ್ರಷ್, ಬ್ರೇಕ್ ಕ್ಲೀನರ್ ಸ್ಪ್ರೇ, ತುಕ್ಕು ಬಿಡಿಸುವ ಸ್ಪ್ರೇ, ಗ್ಲೌಸ್, ಮಾಸ್ಕ್. ಸೀಲ್ ಒಡೆಯದ ಹೊಸ ಬ್ರೇಕ್ ಆಯಿಲ್. ಮತ್ತೆ, ಪೆಡಲ್ ಒತ್ತಲು ಮಾತು ಕೇಳುವ ಒಬ್ಬರು.

ಜಾಕ್ ಸ್ಟ್ಯಾಂಡ್ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಕಾರಿನ ಜೊತೆ ಬರುವ ಜಾಕ್ ಇರುವುದು ಸ್ಟೆಪ್ನಿ ಹಾಕಲು. ಅದೊಂದನ್ನೇ ನಂಬಿ ಚಕ್ರ ಬಿಚ್ಚಿ ಕೂರಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೂಡ ಬೇಡ, ಅವು ಭಾರಕ್ಕೆ ಹೇಳದೆ ಕೇಳದೆ ಒಡೆಯುತ್ತವೆ.

## ಹಂತ 1: ಕಾರು ಕದಲಿಸದೆ ಕಣ್ಣಲ್ಲಿ ನೋಡುವುದು

ನಾಲ್ಕೂ ಚಕ್ರದ ಕೆಳಗೆ ಹಳೇ ರಟ್ಟು ಹಾಸಿ. ಟಾರ್ಚ್ ಹಿಡಿದು ಪ್ರತಿ ಚಕ್ರದ ಒಳಮೈ ನೋಡಿ. ಟೈರಿನ ಒಳಗೋಡೆಯಲ್ಲಿ ಒದ್ದೆ ಗೆರೆ ಇಳಿದಿದೆಯಾ? ಧೂಳು ಅಂಟಿಕೊಂಡು ಕಪ್ಪಾಗಿದೆಯಾ? ಬೆರಳಿಗೆ ತಗುಲಿಸಿ ಉಜ್ಜಿ. ಬ್ರೇಕ್ ಆಯಿಲ್ ತೆಳುವಾಗಿ ಜಾರುತ್ತದೆ, ಇಂಜಿನ್ ಆಯಿಲ್‌ನಷ್ಟು ಮಂದ ಇರುವುದಿಲ್ಲ. ಹಿಂದಿನ ಚಕ್ರದ ಒಳಗಡೆ ಹೀಗೆ ಒದ್ದೆ ಕಂಡರೆ ಹೆಚ್ಚಾಗಿ ಡ್ರಮ್ ಒಳಗೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿರುತ್ತದೆ.

ಆಮೇಲೆ ಚಕ್ರಕ್ಕೆ ಹೋಗುವ ರಬ್ಬರ್ ಹೋಸ್. ಅದನ್ನು ಸ್ವಲ್ಪ ಬಗ್ಗಿಸಿ ನೋಡಿ. ಬಗ್ಗಿಸಿದ ಕಡೆ ಸಣ್ಣ ಸಣ್ಣ ಬಿರುಕು ಕಂಡರೆ ಬದಲಿಸುವ ಕಾಲ ಬಂದಿದೆ. ಕಬ್ಬಿಣದ ಪೈಪನ್ನೂ ಬಿಡಬೇಡಿ. ಕರಾವಳಿಯ ಉಪ್ಪುಗಾಳಿಯಲ್ಲಿ ನಿಂತ ಕಾರಾದರೆ ಪೈಪ್ ಮೇಲೆ ತುಕ್ಕು ಪದರ ಎದ್ದಿರುತ್ತದೆ. ಪದರ ಏಳದೆ ಬರೀ ಬಣ್ಣ ಬದಲಾಗಿದ್ದರೆ ಚಿಂತೆ ಇಲ್ಲ.

ಚಕ್ರದ ಹತ್ತಿರ ಸಣ್ಣ ವೈರ್ ಇದ್ದರೆ ಅದು ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್ ಸೆನ್ಸರ್‌ದು. ನಿಂತ ಕಾರು ಇಲಿಗಳಿಗೆ ಮನೆ ಇದ್ದ ಹಾಗೆ. ಎಬಿಎಸ್ ದೀಪ ಆರದೆ ಉರಿಯುತ್ತಿದ್ದರೆ ಸ್ಕ್ಯಾನರ್ ಹುಡುಕುವ ಮೊದಲು ಈ ವೈರ್ ಕಡಿದಿದೆಯಾ ನೋಡಿ.

## ಹಂತ 2: ಆಯಿಲ್ ಡಬ್ಬಿ

ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಆಯಿಲ್ ಕಡಿಮೆ ಇದ್ದರೂ ಈಗಲೇ ತುಂಬಬೇಡಿ! ಇಲ್ಲಿ ಎಡವುವವರೇ ಜಾಸ್ತಿ. ತುಂಬಿಬಿಟ್ಟರೆ ಎಷ್ಟು ಇಳಿಯುತ್ತಿದೆ ಅನ್ನುವ ಗುರುತೇ ಅಳಿಸಿಹೋಗುತ್ತದೆ. ಈಗಿನ ಮಟ್ಟಕ್ಕೆ ಒಂದು ಚೂರು ಟೇಪ್ ಅಂಟಿಸಿ ತಾರೀಖು ಬರೆಯಿರಿ. ಡಬ್ಬಿ ಪೂರ್ತಿ ಖಾಲಿಯಾಗಿದ್ದರೆ ಮಾತ್ರ ಲೆಕ್ಕ ಬೇರೆ. ಸೋರಿಕೆ ಸಿಗುವವರೆಗೆ ಮುಂದೆ ಹೋಗಬೇಡಿ.

ಬಣ್ಣವನ್ನೂ ನೋಡಿ. ಹೊಸ ಬ್ರೇಕ್ ಆಯಿಲ್ ತಿಳಿ ಜೇನಿನ ಹಾಗೆ ಇರುತ್ತದೆ. ಡಿಕಾಕ್ಷನ್ ತರಹ ಕಪ್ಪಾಗಿದ್ದರೆ ಬದಲಿಸಲೇಬೇಕು. ಆದರೆ ತಿಳಿಯಾಗಿದೆ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲೂ ಅಲ್ಲ. ಈ ಆಯಿಲ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಹೀರುತ್ತದೆ, ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆಯಲ್ಲಂತೂ ಕೇಳಲೇಬೇಡಿ. ಡಾಟ್ 3, ಡಾಟ್ 4 ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆಗಳು. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯದೆ ತಡೆಯಬೇಕು ಅಂತ ನಿಯಮ. ನೀರು ಹೀರಿದ ಮೇಲೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಊರೊಳಗೆ ಇದು ಗೊತ್ತಾಗುವುದೇ ಇಲ್ಲ. ಆಗುಂಬೆ ಅಥವಾ ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಕಾದು, ಒಳಗಿನ ನೀರು ಕುದಿದು ಆವಿಯಾದಾಗ ಗೊತ್ತಾಗುತ್ತದೆ. ಆಗ ಪೆಡಲ್ ನೆಲಕ್ಕೆ ಹೋಗುತ್ತದೆ.

ನಿಮ್ಮ ಕಾರಿಗೆ ಯಾವ ಆಯಿಲ್ ಅನ್ನುವುದು ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 5 ಅಂತ ಸಿಗುವುದು ಸಿಲಿಕಾನ್ ಜಾತಿಯದು, ಅದನ್ನು ಡಾಟ್ 3 ಅಥವಾ 4ರ ಜೊತೆ ಬೆರೆಸಬಾರದು. ಇಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಒಂದು ಚಮಚ ಬಿದ್ದರೂ ರಬ್ಬರ್ ಸೀಲುಗಳು ಊದಿಕೊಂಡು ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಮುಚ್ಚಳದ ಒಳಗಿನ ರಬ್ಬರ್ ಈಗಾಗಲೇ ಊದಿ ವಿಕಾರವಾಗಿದ್ದರೆ ಯಾರೋ ಹಿಂದೆ ಆ ತಪ್ಪು ಮಾಡಿದ್ದಾರೆ ಅಂತ ಅರ್ಥ. ಬ್ರೇಕ್ ಆಯಿಲ್ ಕಾರಿನ ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಪೇಂಟ್ ತಿಂದುಬಿಡುತ್ತದೆ.

## ಹಂತ 3: ಇಂಜಿನ್ ಆಫ್ ಇರುವಾಗ ಪೆಡಲ್ ಪರೀಕ್ಷೆ

ಡ್ರೈವರ್ ಸೀಟಿನಲ್ಲಿ ಕೂರುವ ಮೊದಲು ಪೆಡಲ್ ಅಡಿಯಲ್ಲಿ ಒಂದೂವರೆ ಇಂಚಿನ ಮರದ ತುಂಡು ಇಡಿ. ಯಾಕೆ ಅಂದರೆ, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೆ ರಬ್ಬರ್ ಸೀಲ್ ದಿನಾ ಓಡಾಡುವುದು ಸ್ವಲ್ಪ ದೂರ ಮಾತ್ರ. ಅದರಾಚೆಗಿನ ಜಾಗದಲ್ಲಿ ಗಸಿ, ತುಕ್ಕು ಕೂತಿರುತ್ತದೆ. ನಿಂತ ಕಾರಿನ ಪೆಡಲನ್ನು ಒಮ್ಮೆಲೇ ನೆಲಕ್ಕೆ ತುಳಿದರೆ ಸೀಲ್ ಆ ತುಕ್ಕಿನ ಮೇಲೆ ಉಜ್ಜಿ ಹರಿಯುತ್ತದೆ. "ಬರೀ ಆಯಿಲ್ ಬದಲಿಸಿದ್ದು, ಅಲ್ಲಿಂದ ಪೆಡಲ್ ಇಳೀತಾ ಇದೆ" ಅನ್ನುವವರ ಕತೆ ಬಹಳಷ್ಟು ಸಲ ಇದೇ.

ಈಗ ಪೆಡಲನ್ನು ಐದಾರು ಸಲ ನಿಧಾನಕ್ಕೆ ಒತ್ತಿ ಬಿಡಿ. ಗಟ್ಟಿಯಾಗಬೇಕು. ಗಟ್ಟಿಯಾದ ಮೇಲೆ ಮಾಮೂಲಿ ಬಲದಲ್ಲಿ ಒತ್ತಿ ಹಿಡಿದು ಒಂದು ನಿಮಿಷ ಕಾಯಿರಿ. ಗಡಿಯಾರ ನೋಡಿಯೇ ಕಾಯಿರಿ, ಅಂದಾಜು ಬೇಡ. ಪಾದಕ್ಕೆ ನಾಲ್ಕು ತರಹದ ಅನುಭವ ಆಗಬಹುದು.

ಗಟ್ಟಿಯಾಗಿ ನಿಂತರೆ ಸದ್ಯಕ್ಕೆ ಒಳ್ಳೆಯದು, ಮುಂದೆ ಹೋಗಿ.

ಒತ್ತಿ ಹಿಡಿದಾಗ ಮೆಲ್ಲಗೆ, ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಸೀಲ್ ಒಳಗೊಳಗೇ ಆಯಿಲ್ ದಾಟಿಸುತ್ತಿದೆ. ಟೇಪ್ ಗುರುತಿಗಿಂತ ಆಯಿಲ್ ಇಳಿದಿದ್ದರೆ ಸೋರಿಕೆ ಹುಡುಕಿ. ಇಳಿದಿಲ್ಲ, ಹೊರಗೆಲ್ಲೂ ಒದ್ದೆಯೂ ಇಲ್ಲ ಅಂದರೆ ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ. ಪೆಡಲ್ ಮೇಲ್ಭಾಗದ ಗೋಡೆ, ಕಾಲಡಿಯ ಮ್ಯಾಟ್ ಮುಟ್ಟಿ ನೋಡಿ, ಅಲ್ಲಿ ಪಸೆ ಇದ್ದರೆ ಅನುಮಾನ ನಿಜ.

ಸ್ಪಂಜಿನ ಹಾಗೆ ಮೆತ್ತಗಿದ್ದರೆ ಏರ್ ಹಿಡಿದಿದೆ, ಅಂದರೆ ಆಯಿಲ್ ಒಳಗೆ ಗಾಳಿ ಸೇರಿದೆ. ಅದನ್ನು ಹಂತ 9ರಲ್ಲಿ ತೆಗೆಯೋಣ.

ಮೊದಲ ಒತ್ತಿಗೆ ತುಂಬಾ ಕೆಳಗೆ ಹೋಗಿ, ಎರಡು ಮೂರು ಸಲ ಒತ್ತಿದ ಮೇಲೆ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಅದು ಏರ್ ಅಲ್ಲದೆಯೂ ಇರಬಹುದು. ಹಿಂದಿನ ಬ್ರೇಕ್ ಶೂಗಳಿಗೂ ಡ್ರಮ್‌ಗೂ ನಡುವೆ ಸಂದು ಜಾಸ್ತಿ ಆಗಿರುತ್ತದೆ. ಇದನ್ನು ಏರ್ ಅಂದುಕೊಂಡು ಮೂರು ಸಲ ಬ್ಲೀಡಿಂಗ್ (ಆಯಿಲ್ ಹರಿಸಿ ಏರ್ ತೆಗೆಯುವುದು) ಮಾಡಿಸಿ ಸೋತವರನ್ನು ನೋಡಿದ್ದೇನೆ. ಪತ್ತೆ ಹಚ್ಚುವುದು ಸುಲಭ. ಹ್ಯಾಂಡ್‌ಬ್ರೇಕನ್ನು ಮೂರ್ನಾಲ್ಕು ಕ್ಲಿಕ್ ಎಳೆದು ಪೆಡಲ್ ಒತ್ತಿ. ಮೊದಲ ಒತ್ತಿಗೇ ಪೆಡಲ್ ಮೇಲೆ ನಿಂತರೆ ತೊಂದರೆ ಶೂ ಸಂದಿನದು. ಇದೊಂದನ್ನು ನೆನಪಿಟ್ಟುಕೊಂಡರೆ ಎಷ್ಟೋ ದುಡ್ಡು ಉಳಿಯುತ್ತದೆ. ಒಂದು ಎಚ್ಚರ, ಪರೀಕ್ಷೆ ಆದ ಕೂಡಲೇ ಹ್ಯಾಂಡ್‌ಬ್ರೇಕ್ ಇಳಿಸಿ. ಕೇಬಲ್‌ಗೆ ತುಕ್ಕು ಹಿಡಿದಿದ್ದರೆ ಎಳೆದದ್ದು ವಾಪಸ್ ಬರದೆ ಹೋಗಬಹುದು.

## ಹಂತ 4: ಬೂಸ್ಟರ್

ಬೂಸ್ಟರ್ ಅಂದರೆ ಇಂಜಿನ್‌ನ ವ್ಯಾಕ್ಯೂಮ್ (ಗಾಳಿಯ ಎಳೆತ) ಬಳಸಿ ಕಾಲಿನ ಬಲ ಹೆಚ್ಚಿಸುವ ಭಾಗ. ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಹಾಗೇ ಕಾಲಿಟ್ಟುಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ತಾನಾಗಿ ಕೆಳಗೆ ಇಳಿಯಬೇಕು. ಇಳಿದರೆ ಬೂಸ್ಟರ್‌ಗೆ ವ್ಯಾಕ್ಯೂಮ್ ಬರುತ್ತಿದೆ. ಇಳಿಯದೆ ಕಲ್ಲಿನ ಹಾಗೇ ಇದ್ದರೆ ಮೊದಲು ಇಂಜಿನ್‌ನಿಂದ ಬೂಸ್ಟರ್‌ಗೆ ಹೋಗುವ ದಪ್ಪ ಹೋಸ್ ನೋಡಿ. ಇಲಿ ಕಚ್ಚಿರಬಹುದು, ಒಣಗಿ ಸೀಳಿರಬಹುದು. ಪೆಡಲ್ ಒತ್ತಿದಾಗ ಕಾಲ ಹತ್ತಿರ ಸುಸ್ ಅಂತ ಗಾಳಿಯ ಸದ್ದು ಬಿಡದೆ ಬಂದರೆ ಬೂಸ್ಟರ್ ಒಳಗಿನ ಪದರ ಹರಿದಿದೆ.

ಇನ್ನೊಂದು ಪರೀಕ್ಷೆ. ಇಂಜಿನ್ ಎರಡು ನಿಮಿಷ ಓಡಿಸಿ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಒತ್ತಿ. ಮೊದಲ ಒತ್ತು ಹಗುರವಾಗಿದ್ದು, ಎರಡು ಮೂರನೆಯದಕ್ಕೆ ಗಟ್ಟಿಯಾಗುತ್ತಾ ಬರಬೇಕು. ಮೊದಲನೆಯದೇ ಗಟ್ಟಿ ಅಂದರೆ ವ್ಯಾಕ್ಯೂಮ್ ಹಿಡಿದಿಡುವ ಚೆಕ್ ವಾಲ್ವ್ ಅಥವಾ ಬೂಸ್ಟರ್ ಸೋರುತ್ತಿದೆ.

ಇಂಜಿನ್ ಆಫ್ ಇರುವ ಕಾರನ್ನು ಹಗ್ಗ ಕಟ್ಟಿ ಎಳೆಸಬೇಡಿ ಅನ್ನುವುದಕ್ಕೂ ಕಾರಣ ಇದೇ. ಬೂಸ್ಟರ್ ಇಲ್ಲದೆ ಬ್ರೇಕ್ ಒತ್ತಲು ತುಂಬಾ ಬಲ ಬೇಕು. ಮುಂದಿನ ಗಾಡಿ ತಟ್ಟನೆ ನಿಂತರೆ ಅಷ್ಟು ಬಲ ಆ ಕ್ಷಣಕ್ಕೆ ಕಾಲಿಗೆ ಬರುವುದಿಲ್ಲ.

## ಹಂತ 5: ಕದಲುತ್ತದಾ ನೋಡುವುದು

ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್ ಕೆಳಗೆ, ನ್ಯೂಟ್ರಲ್. ಇಬ್ಬರು ಮೆಲ್ಲಗೆ ತಳ್ಳಿ. ಕಾರು ಒಂದಡಿ ಹೋಗುವ ಅಂತರದಲ್ಲಿ ಮುಂದೊಂದು ಹಿಂದೊಂದು ಕಲ್ಲು ಇಟ್ಟಿರಿ.

ಕದಲದಿದ್ದರೆ ಹೆಚ್ಚಾಗಿ ಹಿಂದಿನ ಡ್ರಮ್ ಒಳಗೆ ಶೂ ತುಕ್ಕಿಗೆ ಅಂಟಿಕೊಂಡಿರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಮಳೆಗಾಲ ಪೂರ್ತಿ ನಿಲ್ಲಿಸಿದ್ದರೆ ಇದು ಬಹುತೇಕ ಖಚಿತ. ಸ್ಟಾರ್ಟ್ ಮಾಡಿ, ಕ್ಲಚ್ ಅರ್ಧ ಬಿಟ್ಟು, ಒಂದು ಸಲ ಫಸ್ಟ್, ಒಂದು ಸಲ ರಿವರ್ಸ್, ಹಗುರವಾಗಿ ತಳ್ಳಿಸಿ ನೋಡಿ. ಟಪ್ ಅಂತ ಸದ್ದು ಬಂದು ಬಿಟ್ಟುಕೊಳ್ಳಬಹುದು. ಎರಡು ಮೂರು ಸಲಕ್ಕೆ ಬಿಡಲಿಲ್ಲ ಅಂದರೆ ನಿಲ್ಲಿಸಿ.

ನಮ್ಮ ಭಾವನ ಕಾರು ತೀರ್ಥಹಳ್ಳಿ ಹತ್ತಿರದ ಮನೆಯ ಕೊಟ್ಟಿಗೆ ಪಕ್ಕ ಎಂಟು ತಿಂಗಳು ನಿಂತಿತ್ತು. ಮಗ ಹೊರದೇಶದಿಂದ ಬರುತ್ತಾನೆ ಅಂತ ಅವಸರದಲ್ಲಿ ಹೊರಗೆ ತೆಗೆದರು. ಬಿಡಲಿಲ್ಲ ಅಂತ ಆಕ್ಸಿಲರೇಟರ್ ಜೋರಾಗಿ ಒತ್ತಿ ಎಳೆದರು. ಬಿಟ್ಟುಕೊಂಡಿತು. ಆದರೆ ಹತ್ತು ಅಡಿ ಹೋಗುವಷ್ಟರಲ್ಲಿ ಹಿಂದಿನ ಎಡಚಕ್ರ ಮತ್ತೆ ಲಾಕ್ ಆಗಿ ಮಣ್ಣಿನ ಮೇಲೆ ಉಜ್ಜುತ್ತಾ ಹೋಯಿತು. ಡ್ರಮ್ ಬಿಚ್ಚಿದಾಗ ಕಂಡದ್ದು ಈಗಲೂ ಕಣ್ಣ ಮುಂದಿದೆ. ಶೂ ಮೇಲಿನ ಉಜ್ಜುವ ಪದರ, ಅಂದರೆ ಲೈನರ್, ಪೂರ್ತಿ ಕಿತ್ತು ಬಂದು, ಹಲಸಿನ ಸಿಪ್ಪೆಯ ತುಂಡಿನ ಹಾಗೆ ಡ್ರಮ್‌ಗೆ ಅಂಟಿಕೊಂಡಿತ್ತು. ಅದರ ಒಂದು ಚೂರು ಇನ್ನೊಂದು ಶೂ ಅಡಿಗೆ ಸಿಕ್ಕಿಕೊಂಡಿತ್ತು. ಅಂಗಳದಲ್ಲಿ ಆದದ್ದು ಪುಣ್ಯ. ಅದೇ ಕೊಪ್ಪದ ರಸ್ತೆಯ ತಿರುವಿನಲ್ಲಿ ಆಗಿದ್ದರೆ? ಅದಕ್ಕೇ ಹೇಳುವುದು, ಬಲ ಬೇಡ.

## ಹಂತ 6: ಚಕ್ರ ಎತ್ತಿ ತಿರುಗಿಸುವುದು, ನಿಪ್ಪಲ್ ಪರೀಕ್ಷೆ

ಇಡೀ ಕೆಲಸದಲ್ಲಿ ಬಹಳ ಮುಖ್ಯವಾದ ಹಂತ ಇದು. ನಿಧಾನವಾಗಿ ಓದಿ.

ಒಂದೊಂದೇ ಚಕ್ರ ಎತ್ತಿ. ಉಳಿದವಕ್ಕೆ ಕಲ್ಲು ಕೊಡಿ, ಸ್ಟ್ಯಾಂಡ್ ಇಡಿ. ಕೈಯಲ್ಲಿ ತಿರುಗಿಸಿ. ಪ್ಯಾಡ್ ಸವರುವ ಸಣ್ಣ ಸದ್ದು ಇದ್ದರೂ ಚಕ್ರ ಸಲೀಸಾಗಿ ತಿರುಗಿದರೆ ಸರಿ. ಮುಂದಿನ ಚಕ್ರಕ್ಕೆ ಗೇರ್‌ಬಾಕ್ಸ್‌ನ ಎಳೆತ ಸ್ವಲ್ಪ ಇರುತ್ತದೆ, ಅದಕ್ಕೆ ಎಡ ಬಲ ಎರಡನ್ನೂ ಹೋಲಿಸಿ. ಆಮೇಲೆ ಜೊತೆಯವರಿಗೆ ಬ್ರೇಕ್ ಒತ್ತಿ ಬಿಡಲು ಹೇಳಿ, ಬಿಟ್ಟ ಕೂಡಲೇ ಮತ್ತೆ ತಿರುಗಿಸಿ. ಒತ್ತಿದಾಗ ಹಿಡಿಯಬೇಕು, ಬಿಟ್ಟಾಗ ಬಿಡಬೇಕು.

ಬಿಡುತ್ತಿಲ್ಲವೇ? ಹೆಚ್ಚಿನವರು ಇಲ್ಲಿ ನೇರವಾಗಿ ಕ್ಯಾಲಿಪರ್ ಬದಲಿಸುತ್ತಾರೆ. ಅದಕ್ಕೂ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಚಕ್ರವನ್ನು ಹಿಡಿದಿರುವುದು ಆಯಿಲ್ ಒತ್ತಡವೋ, ತುಕ್ಕು ಹಿಡಿದ ಕಬ್ಬಿಣವೋ?

ಕ್ಯಾಲಿಪರ್ ಹಿಂದೆ ಆಯಿಲ್ ಹೊರಬಿಡಲು ಇರುವ ಸಣ್ಣ ಸ್ಕ್ರೂ, ಅಂದರೆ ಬ್ಲೀಡಿಂಗ್ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ ತುದಿಯನ್ನು ಬಾಟಲಿಗೆ ಬಿಡಿ. ಚಕ್ರ ಕಚ್ಚಿಕೊಂಡಿರುವಾಗಲೇ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ತಟ್ಟನೆ ಹಗುರವಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು. ಕ್ಯಾಲಿಪರ್ ತಪ್ಪಿಲ್ಲ, ತೊಂದರೆ ಅದಕ್ಕಿಂತ ಮೇಲಿದೆ. ನಿಪ್ಪಲ್ ತೆರೆದರೂ ಚಕ್ರ ಬಿಡದಿದ್ದರೆ ತೊಂದರೆ ಆ ಚಕ್ರದಲ್ಲೇ ಇದೆ. ಪಿಸ್ಟನ್, ಪಿನ್, ಶೂ, ಹ್ಯಾಂಡ್‌ಬ್ರೇಕ್ ಕೇಬಲ್, ಇವುಗಳಲ್ಲಿ ಒಂದು.

ಒತ್ತಡ ಸಿಕ್ಕಿಕೊಂಡದ್ದು ಒಂದೇ ಚಕ್ರದಲ್ಲಾದರೆ ಹೋಸ್ ಮೇಲೆ ಅನುಮಾನ. ಹಳೇ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಡೆ ಊದಿ ದಾರಿ ಮುಚ್ಚಿರುತ್ತದೆ. ಪೆಡಲ್ ಒತ್ತುವ ಬಲಕ್ಕೆ ಆಯಿಲ್ ನುಗ್ಗಿ ಹೋಗುತ್ತದೆ, ವಾಪಸ್ ಬರಲು ಅಷ್ಟು ಬಲ ಇರುವುದಿಲ್ಲ. ಎರಡು ಅಥವಾ ನಾಲ್ಕೂ ಚಕ್ರದಲ್ಲಾದರೆ ಮಾಸ್ಟರ್ ಸಿಲಿಂಡರ್ ನೋಡಬೇಕು, ಆಯಿಲ್ ಹಿಂದಿರುಗುವ ಸಣ್ಣ ತೂತು ಗಸಿಯಿಂದ ಮುಚ್ಚಿರುತ್ತದೆ. ತುಂಬಾ ಕಾರುಗಳಲ್ಲಿ ಮುಂದಿನ ಎಡ ಮತ್ತು ಹಿಂದಿನ ಬಲ ಒಂದು ಜೋಡಿ, ಉಳಿದೆರಡು ಇನ್ನೊಂದು ಜೋಡಿ. ಹಾಗೆ ಮೂಲೆಯಿಂದ ಮೂಲೆಗೆ ಎರಡು ಚಕ್ರ ಒಟ್ಟಿಗೆ ಕಚ್ಚಿದರೆ ಮಾಸ್ಟರ್ ಸಿಲಿಂಡರೇ ಕಾರಣ ಅನ್ನಲು ಜಾಸ್ತಿ ಯೋಚಿಸಬೇಕಿಲ್ಲ.

ನಿಪ್ಪಲ್ ತುಕ್ಕು ಹಿಡಿದು ಕೂತಿದ್ದರೆ ಒಂದೇ ಏಟಿಗೆ ತಿರುಗಿಸಬೇಡಿ, ಮುರಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಸ್ಪ್ರೇ ಹೊಡೆದಿಡಿ. ಬೆಳಗ್ಗೆ ಸಣ್ಣ ಸುತ್ತಿಗೆಯಿಂದ ತಟ್ಟಿ, ರಿಂಗ್ ಸ್ಪ್ಯಾನರ್ ಹಾಕಿ, ಮೊದಲು ಸ್ವಲ್ಪ ಬಿಗಿಯುವ ಕಡೆಗೆ ನೂಕಿ, ಆಮೇಲೆ ಸಡಿಲಿಸಿ. ಸ್ಪ್ರೇ ಪ್ಯಾಡ್ ಮೇಲೆ, ಡಿಸ್ಕ್ ಮೇಲೆ ಬೀಳದ ಹಾಗೆ ಬಟ್ಟೆ ಮುಚ್ಚಿ.

## ಹಂತ 7: ಮುಂದಿನ ಡಿಸ್ಕ್

ಡಿಸ್ಕ್ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಕಂಡು ಗಾಬರಿ ಬೇಡ. ಒಂದು ರಾತ್ರಿ ಮಳೆಗೇ ಅದು ಬರುತ್ತದೆ, ಹತ್ತಿಪ್ಪತ್ತು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಉಗುರಿಗೆ ಸಿಗುವ ಗುಳಿಗಳು, ಅಥವಾ ಪ್ಯಾಡ್ ಕೂತಿದ್ದ ಜಾಗದಲ್ಲಿ ಪ್ಯಾಡ್‌ನದೇ ಆಕಾರದ ದಪ್ಪ ಕಲೆ ಇದ್ದರೆ ಡಿಸ್ಕ್ ಬದಲಿಸಬೇಕು ಅಥವಾ ದಪ್ಪ ಉಳಿದಿದ್ದರೆ ಲೇತ್‌ಗೆ ಕೊಡಬೇಕು. ಡಿಸ್ಕ್‌ನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಅಂಚಿನಲ್ಲೋ ಮಧ್ಯದಲ್ಲೋ ಒತ್ತಿರುತ್ತಾರೆ. ಪ್ಯಾಡ್ 3 ಮಿಲಿಮೀಟರ್‌ಗೆ ಬಂದಿದ್ದರೆ ಈಗಲೇ ಬದಲಿಸಿ.

ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ನೇತುಹಾಕಿ, ಹೋಸ್ ಮೇಲೆ ಭಾರ ಬಿಡಬೇಡಿ. ಕ್ಯಾಲಿಪರ್ ಜಾರಲು ಇರುವ ಎರಡು ಪಿನ್‌ಗಳೂ ಬೆರಳಲ್ಲಿ ಒಳಗೆ ಹೊರಗೆ ಜಾರಬೇಕು. ಜಾರದಿದ್ದರೆ ತೆಗೆದು ಒರೆಸಿ, ಬ್ರೇಕ್‌ಗೆಂದೇ ಬರುವ ಸಿಲಿಕಾನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಪಿನ್ ಮತ್ತೆ ಸಿಕ್ಕಿಕೊಳ್ಳುತ್ತದೆ. ಒಳಗಿನ ಪ್ಯಾಡ್ ತೆಳ್ಳಗೆ, ಹೊರಗಿನದು ದಪ್ಪ ಇದ್ದರೆ ಪಿನ್ ಅಥವಾ ಪಿಸ್ಟನ್ ಸರಿಯಾಗಿ ಜಾರುತ್ತಿಲ್ಲ ಅಂತ ಲೆಕ್ಕ.

ಪಿಸ್ಟನ್‌ನ ಧೂಳು ತಡೆಯುವ ರಬ್ಬರ್ ಮೆಲ್ಲಗೆ ಸರಿಸಿ ನೋಡಿ. ಒಳಗೆ ನೀರು, ತುಕ್ಕು ಇದ್ದರೆ ಕ್ಯಾಲಿಪರ್ ಬಿಚ್ಚಿ ಸೀಲ್ ಕಿಟ್ ಹಾಕಬೇಕು. ಪಿಸ್ಟನ್ ಮೈಯಲ್ಲೇ ಗುಳಿ ಬಿದ್ದಿದ್ದರೆ ಬರೀ ಸೀಲ್ ಹಾಕಿ ಪ್ರಯೋಜನವಿಲ್ಲ. ಪಿಸ್ಟನ್ ಒಳಗೆ ತಳ್ಳುವಾಗ ನಿಪ್ಪಲ್ ತೆರೆದು ಹಳೇ ಆಯಿಲ್ ಹೊರಗೆ ಬಿಡಿ. ಇಲ್ಲದಿದ್ದರೆ ಆ ಗಸಿಯೆಲ್ಲ ವಾಪಸ್ ಎಬಿಎಸ್ ಯೂನಿಟ್ ಕಡೆಗೆ ಹೋಗುತ್ತದೆ.

## ಹಂತ 8: ಹಿಂದಿನ ಡ್ರಮ್ ಮತ್ತು ಹ್ಯಾಂಡ್‌ಬ್ರೇಕ್

ಹ್ಯಾಂಡ್‌ಬ್ರೇಕ್ ಇಳಿಸಿ ಚಕ್ರ ಬಿಚ್ಚಿ. ಡ್ರಮ್ ಮುಂಭಾಗದಲ್ಲಿ ಬೋಲ್ಟ್ ತಿರುಗಿಸಲು ಥ್ರೆಡ್ ಇರುವ ಎರಡು ತೂತು ಇದ್ದರೆ ಅವಕ್ಕೆ ಸರಿಹೊಂದುವ ಬೋಲ್ಟ್ ಹಾಕಿ, ಒಮ್ಮೆ ಇದು ಒಮ್ಮೆ ಅದು ಅಂತ ಸಮವಾಗಿ ಬಿಗಿಯಿರಿ. ಡ್ರಮ್ ತಾನಾಗಿ ಹೊರಬರುತ್ತದೆ. ಬರದಿದ್ದರೆ ಚಕ್ರದ ಸ್ಟಡ್‌ಗಳ ನಡುವಿನ ಜಾಗದಲ್ಲಿ ಸುತ್ತಲೂ ತಟ್ಟಿ. ಅಂಚಿಗೆ ಹೊಡೆಯಬೇಡಿ, ಬೀಡು ಕಬ್ಬಿಣ ಸೀಳುತ್ತದೆ. ಮಧ್ಯದಲ್ಲಿ ದೊಡ್ಡ ನಟ್ ಇದ್ದು ಬೇರಿಂಗ್ ಡ್ರಮ್ ಒಳಗೇ ಕೂರುವ ಮಾದರಿಯಾದರೆ ಮೆಕ್ಯಾನಿಕ್‌ಗೆ ಬಿಡಿ.

ಒಳಗಿನ ಧೂಳನ್ನು ಬಾಯಲ್ಲಿ ಊದಬೇಡಿ, ಕಂಪ್ರೆಸರ್ ಗಾಳಿಯನ್ನೂ ಹಿಡಿಯಬೇಡಿ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಹಾಕಿಕೊಂಡು ಬ್ರೇಕ್ ಕ್ಲೀನರ್‌ನಲ್ಲಿ ಒದ್ದೆ ಮಾಡಿ ಒರೆಸಿ.

ಮೇಲ್ಗಡೆ ಸಣ್ಣ ವೀಲ್ ಸಿಲಿಂಡರ್ ಇದೆಯಲ್ಲ, ಅದರ ಎರಡೂ ತುದಿಯ ರಬ್ಬರ್ ಟೋಪಿಯನ್ನು ಉಗುರಿನಲ್ಲಿ ಸ್ವಲ್ಪ ಎತ್ತಿ. ಒಣಗಿದ್ದರೆ ಸರಿ. ಆಯಿಲ್ ತೊಟ್ಟಿಕ್ಕಿದರೆ ಸಿಲಿಂಡರ್ ಹೋಗಿದೆ. ಎರಡೂ ಕಡೆಯದನ್ನು ಒಟ್ಟಿಗೆ ಬದಲಿಸಿ, ಒಂದು ಹೋದ ಮೇಲೆ ಇನ್ನೊಂದು ಹಿಂದೆಯೇ ಬರುತ್ತದೆ. ಆಯಿಲ್ ನೆನೆದ ಶೂ ತೊಳೆದು ಹಾಕುವವರಿದ್ದಾರೆ, ಬೇಡ. ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಹೊರಬಂದು ಜಾರುತ್ತದೆ. ಲೈನರ್ ಶೂನಿಂದ ಎದ್ದಿದೆಯಾ ಅಂತ ಅಂಚಿನಲ್ಲಿ ಉಗುರು ಹಾಕಿ ನೋಡಿ. ಭಾವನ ಕಾರಿನ ಕತೆ ನೆನಪಿದೆ ಅಲ್ವಾ?

ಡ್ರಮ್ ಕೂರಿಸಿದ ಮೇಲೆ ಹ್ಯಾಂಡ್‌ಬ್ರೇಕ್. ಹಿಂದಿನ ಎರಡೂ ಚಕ್ರ ಮೇಲಿರಲಿ, ಮುಂದಿನವಕ್ಕೆ ಕಲ್ಲು ಇರಲಿ. ಒಬ್ಬರು ಒಂದೊಂದೇ ಕ್ಲಿಕ್ ಎಳೆಯಲಿ, ನೀವು ಚಕ್ರ ತಿರುಗಿಸಿ. ಎಡ ಬಲ ಎರಡೂ ಹೆಚ್ಚು ಕಡಿಮೆ ಒಂದೇ ಕ್ಲಿಕ್‌ಗೆ ಹಿಡಿಯಬೇಕು, ಲಿವರ್ ಪೂರ್ತಿ ಇಳಿಸಿದಾಗ ಎರಡೂ ಬಿಡಬೇಕು. ಒಂದು ಚಕ್ರ ಬಿಟ್ಟು ಇನ್ನೊಂದು ಚಕ್ರ ಬಿಡದಿದ್ದರೆ, ಬಿಡದ ಕಡೆಯ ಕೇಬಲ್ ಒಳಗೆ ತುಕ್ಕು ಹಿಡಿದಿದೆ. ಕೇಬಲ್ ಸಡಿಲಿಸಿ ಹೊಂದಿಸಿಕೊಳ್ಳಲು ಹೋಗಬೇಡಿ, ಬದಲಿಸಿ.

## ಹಂತ 9: ಆಯಿಲ್ ಬದಲಿಸಿ ಏರ್ ತೆಗೆಯುವುದು

ಇಷ್ಟೆಲ್ಲ ಸರಿಯಾದ ಮೇಲೆ ಬ್ಲೀಡಿಂಗ್. ಮೊದಲೇ ಮಾಡಿದರೆ ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ.

ಯಾವ ಚಕ್ರ ಮೊದಲು ಅನ್ನುವುದು ಕಾರಿನ ಪುಸ್ತಕದಲ್ಲಿದ್ದರೆ ಹಾಗೇ ಮಾಡಿ. ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರದಿಂದ ಶುರು. ನಮ್ಮ ಬಲಬದಿ ಸ್ಟೀರಿಂಗ್ ಕಾರುಗಳಲ್ಲಿ ಹೆಚ್ಚಾಗಿ ಅದು ಹಿಂದಿನ ಎಡಚಕ್ರ. ಡಬ್ಬಿಯ ಹಳೇ ಆಯಿಲ್ ಸಿರಿಂಜಿನಲ್ಲಿ ಎಳೆದು ಹೊಸದು ತುಂಬಿ. ನಿಪ್ಪಲ್‌ಗೆ ಪೈಪ್, ಪೈಪಿನ ತುದಿ ಬಾಟಲಿಯಲ್ಲಿ ಆಯಿಲ್‌ನೊಳಗೆ ಮುಳುಗಿರಲಿ.

ನೀವು "ಒತ್ತು" ಅಂದಾಗ ಜೊತೆಯವರು ಮರದ ತುಂಡಿನವರೆಗೆ ನಿಧಾನಕ್ಕೆ ಒತ್ತಿ ಹಿಡಿಯಬೇಕು. ನಿಪ್ಪಲ್ ತೆರೆಯಿರಿ, ಆಯಿಲ್ ಬರಲಿ, ಮುಚ್ಚಿ. ಮುಚ್ಚಿದ ಮೇಲೆಯೇ "ಬಿಡು" ಅನ್ನಿ. ಈ ಎರಡು ಮಾತಿನ ಕ್ರಮ ತಪ್ಪಿದರೆ ಏರ್ ಒಳಗೆ ಎಳೆದುಕೊಳ್ಳುತ್ತದೆ. ಮೊದಲು ಕಪ್ಪು ಡಿಕಾಕ್ಷನ್ ಬರುತ್ತದೆ, ಮಧ್ಯೆ ಮಧ್ಯೆ ಗುಳ್ಳೆ. ಆಮೇಲೆ ಬಣ್ಣ ತಿಳಿಯಾಗುತ್ತಾ ಬಂದು ಕೊನೆಗೆ ಡಬ್ಬಿಯಲ್ಲಿರುವ ಬಣ್ಣವೇ ಪೈಪಿನಲ್ಲೂ ಕಾಣುತ್ತದೆ. ಅಲ್ಲಿಗೆ ಆ ಚಕ್ರ ಮುಗಿಯಿತು.

ನಾಲ್ಕೈದು ಒತ್ತಿಗೊಮ್ಮೆ ಡಬ್ಬಿ ನೋಡಿ ತುಂಬುತ್ತಿರಿ. ಅದು ಖಾಲಿಯಾಗಿ ಏರ್ ಹೊಕ್ಕರೆ ಮೊದಲಿನಿಂದ ಶುರು ಮಾಡಬೇಕು. ಬಾಟಲಿಗೆ ಬಂದದ್ದನ್ನು ವಾಪಸ್ ಡಬ್ಬಿಗೆ ಸುರಿಯಬೇಡಿ. ಕಳೆದ ವರ್ಷ ತೆರೆದಿಟ್ಟ ಅರ್ಧ ಡಬ್ಬಿಯೂ ಬೇಡ, ಅದು ಕೂತಲ್ಲೇ ನೀರು ಹೀರಿರುತ್ತದೆ. ಕೊನೆಗೆ ಹಂತ 3ರ ಪೆಡಲ್ ಪರೀಕ್ಷೆ ಮತ್ತೆ ಮಾಡಿ. ಆದ ಮೇಲೆ ಮರದ ತುಂಡು ತೆಗೆಯಲು ಮರೆಯಬೇಡಿ.

## ಹಂತ 10: ಅಂಗಳ, ಆಮೇಲೆ ರಸ್ತೆ

ಮೊದಲ ಬ್ರೇಕ್ ನಡಿಗೆಯ ವೇಗದಲ್ಲಿ, ಅಂಗಳದಲ್ಲಿ. ಮುಂದೆ, ಹಿಂದೆ, ಐದಾರು ಸಲ. ಆಮೇಲೆ ಖಾಲಿ ರಸ್ತೆಯಲ್ಲಿ 20, ಆಮೇಲೆ 40. ಇಳಿಜಾರು ಇಲ್ಲದ ರಸ್ತೆ ಆರಿಸಿ. 40ರಿಂದ 20ಕ್ಕೆ ಹತ್ತು ಸಲ ಇಳಿಸಿ, ನಡುವೆ ಅರ್ಧ ಕಿಲೋಮೀಟರ್ ತಣ್ಣಗಾಗಲು ಬಿಡಿ. ತೆಳು ತುಕ್ಕು ಇದರಲ್ಲೇ ಹೋಗುತ್ತದೆ, ಕರ ಕರ ಸದ್ದು ಕಡಿಮೆಯಾಗುತ್ತಾ ಬರುತ್ತದೆ.

ಕಾರು ಒಂದು ಕಡೆಗೆ ಎಳೆದರೆ ಯಾವಾಗ ಎಳೆಯುತ್ತದೆ ಗಮನಿಸಿ. ಬ್ರೇಕ್ ಒತ್ತಿದಾಗ ಮಾತ್ರ ಎಡಕ್ಕೆ ಎಳೆದರೆ ಬಲಗಡೆಯದು ಸರಿಯಾಗಿ ಹಿಡಿಯುತ್ತಿಲ್ಲ. ಬ್ರೇಕ್ ಮುಟ್ಟದೆಯೂ ಎಡಕ್ಕೆ ಎಳೆದರೆ ಎಡಗಡೆಯದು ಬಿಡುತ್ತಿಲ್ಲ, ಟೈರ್ ಗಾಳಿ ಸಮ ಇದೆ ಅಂತ ನೋಡಿಕೊಂಡ ಮೇಲೆ ಹೇಳುವ ಮಾತಿದು. ಇದನ್ನು ತಿರುವುಮುರುವು ಮಾಡಿಕೊಂಡು ಚೆನ್ನಾಗಿರುವ ಕಡೆಯನ್ನು ಬಿಚ್ಚಿ ಕೂರುವವರು ತುಂಬಾ ಜನ. ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕ್, ಸೀಟು ನಡುಗಿದರೆ ಹಿಂದಿನ ಡ್ರಮ್ ಮೊದಲು ನೋಡಿ.

ಐದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಕೈ ತನ್ನಿ. ಮುಟ್ಟಬೇಡಿ, ಸುಡುತ್ತದೆ. ಮುಂದಿನವು ಹಿಂದಿನವಕ್ಕಿಂತ ಬಿಸಿ ಇರುವುದು ಸಹಜ. ಎಡ ಬಲದ ನಡುವೆ ದೊಡ್ಡ ವ್ಯತ್ಯಾಸ ಇರಬಾರದು. ಒಂದರಿಂದ ಮಾತ್ರ ಸುಟ್ಟ ವಾಸನೆ ಬಂದರೆ ಹಂತ 6ಕ್ಕೆ ವಾಪಸ್.

## ಇವು ಕಂಡರೆ ಓಡಿಸುವುದು ಬೇಡ

ಪೆಡಲ್ ಒತ್ತಿ ಹಿಡಿದಾಗ ಇಳಿಯುತ್ತಿದ್ದರೆ, ಟೇಪ್ ಗುರುತಿಗಿಂತ ಆಯಿಲ್ ಇಳಿದಿದ್ದರೆ, ಪೈಪ್ ಮೇಲೆ ತುಕ್ಕಿನ ಪದರ ಎದ್ದು ಒದ್ದೆ ಇದ್ದರೆ, ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ಬ್ರೇಕ್ ದೀಪ ಉರಿಯುತ್ತಿದ್ದರೆ, ಫ್ಲಾಟ್‌ಬೆಡ್ ಗಾಡಿ ಕರೆಸಿ. "ಎರಡೇ ಕಿಲೋಮೀಟರ್ ಅಲ್ವಾ" ಅಂತ ಹೊರಡಬೇಡಿ. ಆ ಎರಡು ಕಿಲೋಮೀಟರಿನಲ್ಲಿ ಶಾಲೆ ಬಿಟ್ಟ ಮಕ್ಕಳೂ ರಸ್ತೆ ದಾಟುತ್ತಾರೆ.

ಒಂದು ವಾರ ಓಡಿಸಿದ ಮೇಲೆ ಚಕ್ರದ ನಟ್‌ಗಳನ್ನು ಇನ್ನೊಮ್ಮೆ ಬಿಗಿದು, ಆಯಿಲ್ ಮಟ್ಟಕ್ಕೆ ಹೊಸ ಟೇಪ್ ಅಂಟಿಸಿ ನೋಡುತ್ತಿರಿ. ಮತ್ತೆ ತಿಂಗಳುಗಟ್ಟಲೆ ನಿಲ್ಲಿಸಬೇಕಾದರೆ ಹ್ಯಾಂಡ್‌ಬ್ರೇಕ್ ಎಳೆಯದೆ, ಫಸ್ಟ್ ಗೇರ್ ಹಾಕಿ, ಚಕ್ರಕ್ಕೆ ಎರಡು ಕಡೆ ಕಲ್ಲು ಕೊಟ್ಟು ನಿಲ್ಲಿಸಿ. ಹಾಗೆ ನಿಲ್ಲಿಸಿದ್ದೇನೆ ಅಂತ ಒಂದು ಚೀಟಿ ಬರೆದು ಸ್ಟೀರಿಂಗ್‌ಗೆ ಕಟ್ಟಿಡಿ. ಮುಂದಿನ ಸಲ ಕೀಲಿ ತಿರುಗಿಸುವವರು ನೀವೇ ಆಗಿರಬೇಕೆಂದಿಲ್ಲ.